ತಳಕಿನಲ್ಲಿ ಇಳಿದು ತಿರುಗಿ ಬರುತ್ತಿದ್ದವಳು

ಚಿತ್ರದುರ್ಗದ ಆ ಮನೋವೈದ್ಯರ ಕ್ಲಿನಿಕ್ಕಿನ ಹೊರಗೆ ಕೂತಿದ್ದವರೆಲ್ಲ ರೋಗಿ ನನ್ನ ಗಂಡನೇ ಎಂದು ತಿಳಿದಿದ್ದರು. ಅವರ ತಪ್ಪೇನಿಲ್ಲ. ನನ್ನ ಗಂಡ ತಿಪ್ಪೇಶ್ ಗೋಡೆಗೆ ತಲೆ ಆನಿಸಿಕೊಂಡು ಎದುರಿನ ಸ್ವಿಚ್‌ಬೋರ್ಡನ್ನೇ ನೋಡುತ್ತ ಕೂತಿದ್ದರು. ಅವರು ಮೋಟಾರ್ ರಿವೈಂಡಿಂಗ್ ಮಾಡುವವರು, ಎಲ್ಲಿ ಹೋದರೂ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡುವುದು ಅವರ ಅಭ್ಯಾಸ. ನಾನೋ, ಪಕ್ಕದ ಹೆಂಗಸಿನ ಮನೆಯ ಕಥೆಯನ್ನೆಲ್ಲ ಕೇಳಿ ಮುಗಿಸಿ, ಸಾಲು ತಪ್ಪಿಸಿ ಒಳಗೆ ನುಗ್ಗಿದವರ ಮೇಲೆ ಜೋರು ಮಾಡಿ, ಆಗಲೇ ಆ ಜಾಗಕ್ಕೆ ಯಜಮಾನಿಯ ಹಾಗೆ ಆಗಿದ್ದೆ.

"ಪಾಪ, ನಿಮ್ಮ ಯಜಮಾನ್ರಿಗೆ ಎಷ್ಟ್ ದಿನದಿಂದ ಹಿಂಗೈತೆ?" ಎಂದು ಆ ಹೆಂಗಸು ಮೆಲ್ಲಗೆ ಕೇಳಿದಳು.

"ಅವರಿಗಲ್ಲ, ನಂಗೆ" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗೇನಾಗೈತೆ? ಚೆನ್ನಾಗೇ ಇದೀರಲ್ಲ" ಎಂದಳು. ಆದರೂ ತನ್ನ ಚೀಲವನ್ನು ನನ್ನ ಕಡೆಯಿಂದ ಆ ಕಡೆಗೆ ಎತ್ತಿಟ್ಟುಕೊಂಡಳು.

ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ಚೆನ್ನಾಗೇ ಇದೀಯಲ್ಲ, ಕೈಕಾಲು ಗಟ್ಟಿಯಾಗವೆ, ಜ್ವರ ಇಲ್ಲ, ನೋವಿಲ್ಲ, ಮತ್ತೇನು ನಿಂದು? ನನ್ನದು ಏನು ಎಂದು ನನಗೇ ಗೊತ್ತಾಗಲು ಮದುವೆಯಾಗಿ ವರ್ಷಗಳೇ ಬೇಕಾದವು. ಇದನ್ನು ಬರೆಯುತ್ತಿರುವುದು, ನನ್ನ ಹಾಗೆಯೇ 'ಚೆನ್ನಾಗಿ ಇರುವ' ಯಾರಾದರೂ ಎಲ್ಲೋ ಕೂತು, ತಪ್ಪೆಲ್ಲ ತನ್ನ ಗುಣದ್ದೇ ಎಂದು ಹಲ್ಲು ಕಚ್ಚಿಕೊಂಡಿರಬಹುದು ಎಂಬ ಕಾರಣಕ್ಕೆ.

ನನ್ನ ತವರು ಮೊಳಕಾಲ್ಮುರು. ಅವ್ವ ನೇಕಾರರ ಮನೆಗಳಲ್ಲಿ ರೇಷ್ಮೆ ಎಳೆ ಸುತ್ತುವ ಕೆಲಸ ಮಾಡಿ ನನ್ನನ್ನು ಸಾಕಿದಳು. ಅಪ್ಪ ಬಳ್ಳಾರಿ ಕಡೆ ಕೆಲಸಕ್ಕೆಂದು ಹೋದವನು ಬರುವುದನ್ನು ಕಡಿಮೆ ಮಾಡುತ್ತ ಮಾಡುತ್ತ ಕೊನೆಗೆ ಬರುವುದನ್ನೇ ಬಿಟ್ಟ. ಮದುವೆಯಾಗಿ ಬಂದದ್ದು ಚಳ್ಳಕೆರೆಗೆ. ಮನೆಯಲ್ಲಿ ನಾನು, ತಿಪ್ಪೇಶ್, ನಮ್ಮ ಅತ್ತೆ, ಮೂರೇ ಜನ. ಬಸ್‌ಸ್ಟ್ಯಾಂಡಿನ ಹತ್ತಿರ ಶಬಾನಾ ಎಂಬ ಗೆಳತಿಯ ಮ್ಯಾಚಿಂಗ್ ಸೆಂಟರ್ ಇದೆ. ಮುಂದೆ ಅವಳು ಬ್ಲೌಸ್ ಪೀಸ್ ಮಾರುತ್ತಾಳೆ, ಹಿಂದೆ ಮೆಷಿನ್ ಹಾಕಿಕೊಂಡು ನಾನು ಹೊಲಿಯುತ್ತೇನೆ. ಹೇಳಿದರೆ ಇಷ್ಟೇ, ಏನೂ ಕೊರತೆಯಿಲ್ಲದ ಸಂಸಾರ.

ಗಂಡ ಅಂಗಡಿಯಿಂದ ಬರುವುದು ತಡವಾದರೆ ಬೇರೆ ಹೆಂಗಸರಿಗೆ, ಅವನಿಗೆ ಕೆಲಸ ಜಾಸ್ತಿ ಇರಬೇಕು ಎನ್ನಿಸುತ್ತದೆ. ನನಗೆ ಮೊದಲು ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಗುತ್ತಿತ್ತು. ಫೋನ್ ಮಾಡುತ್ತಿದ್ದೆ. ಎತ್ತದಿದ್ದರೆ ಮತ್ತೆ ಮಾಡುತ್ತಿದ್ದೆ. ಅವರು ಮನೆ ತಲುಪುವ ಹೊತ್ತಿಗೆ ನನ್ನ ತಲೆಯೊಳಗೆ ಅವರು ನನ್ನನ್ನು ಬಿಟ್ಟು ಹೋಗಿ, ನಾನು ಬೇಡಿಕೊಂಡು, ಅವರು ಒಪ್ಪದೆ, ಎಲ್ಲವೂ ಮುಗಿದುಹೋಗಿರುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮನುಷ್ಯನಿಗೆ ಇದೊಂದೂ ಗೊತ್ತಿರುತ್ತಿರಲಿಲ್ಲ. ನಾನು ಕೂಗಾಡುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದರು. ಅವರ ಸುಮ್ಮನಿರುವಿಕೆ ನೋಡಿದರೆ ನನಗೆ ಇನ್ನೂ ಹೆದರಿಕೆಯಾಗಿ ಇನ್ನೂ ಕೂಗುತ್ತಿದ್ದೆ. ಹೆದರಿಕೆ ನನ್ನ ಬಾಯಿಂದ ಸಿಟ್ಟಾಗಿಯೇ ಹೊರಗೆ ಬರುತ್ತಿತ್ತು, ಬೇರೆ ದಾರಿಯೇ ಅದಕ್ಕೆ ಗೊತ್ತಿರಲಿಲ್ಲ.

ಒಂದು ತಾಸು ಕಳೆದರೆ ಅದೇ ಗಂಡ ದೇವರಂಥವರು. ಕಾಲು ಹಿಡಿದು ಅಳುತ್ತಿದ್ದೆ. ಅವರಿಗೆ ಊಟ ಬಡಿಸಿ, ಅನ್ನಕ್ಕೆ ತುಪ್ಪ ಹೆಚ್ಚು ಹಾಕಿ, ಜಗತ್ತಿನಲ್ಲಿ ಇಂಥವರಿಲ್ಲ ಎನ್ನುತ್ತಿದ್ದೆ. ಅವರು ಎರಡನ್ನೂ ನಂಬುವುದನ್ನು ಬಿಟ್ಟುಬಿಟ್ಟಿದ್ದರು.

ಜಗಳ ಜೋರಾದ ದಿನ ಬ್ಯಾಗು ತುಂಬಿಕೊಂಡು ಮೊಳಕಾಲ್ಮುರು ಬಸ್ಸು ಹತ್ತುತ್ತಿದ್ದೆ. ಇನ್ನು ಈ ಮನೆಗೆ ಬಂದರೆ ಕೇಳು ಎಂದು ಹತ್ತಿದವಳು, ಊರು ದಾಟಿ ಸೇಂಗಾ ಹೊಲಗಳು ಶುರುವಾಗುತ್ತಿದ್ದಂತೆ ಅವರು ಫೋನ್ ಮಾಡುತ್ತಾರಾ ಎಂದು ಮೊಬೈಲನ್ನೇ ನೋಡುತ್ತಿದ್ದೆ. ಅವರು ಮಾಡುತ್ತಿರಲಿಲ್ಲ, ಮಾಡಿದರೆ ಬೈಸಿಕೊಳ್ಳಬೇಕಲ್ಲ. ದಾರಿಯಲ್ಲಿ ತಳಕು ಎಂಬ ಊರು ಬರುವಷ್ಟರಲ್ಲಿ ತಡೆಯಲಾಗದೆ ಇಳಿದುಬಿಡುತ್ತಿದ್ದೆ. ಎದುರಿಂದ ಬರುವ ಬಸ್ಸು ಹತ್ತಿ ಚಳ್ಳಕೆರೆಗೆ ವಾಪಸ್. ಒಬ್ಬ ಕಂಡಕ್ಟರ್ ಅಂತೂ ನಾನು ಹತ್ತಿದ ಕೂಡಲೇ, "ತಳಕಿಗೇ ಕೊಡ್ಲಾ ಅಕ್ಕಾ, ಮೊಳಕಾಲ್ಮುರಿಗೆ ಕೊಡ್ಲಾ?" ಎಂದು ಕೇಳುತ್ತಿದ್ದ. ತಮಾಷೆಗೆ ಕೇಳುತ್ತಿದ್ದುದಲ್ಲ, ನಿಜವಾಗಿಯೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ನನಗೂ ಗೊತ್ತಾಗುತ್ತಿರಲಿಲ್ಲ.

ಕೆಲವು ಸಲ ತಳಕು ದಾಟಿ ಅವ್ವನ ಮನೆ ಮುಟ್ಟಿದ್ದೂ ಉಂಟು. ಅವ್ವ ರಾಟೆ ಬಿಟ್ಟು ಏಳದೆಯೇ ಕೇಳುತ್ತಿದ್ದಳು. ಅವಳಿಗೆ ಬೇಸರವಾದರೆ ತೆಲುಗು ಬರುತ್ತದೆ. "ಮಳ್ಳೀ ವಚ್ಚಿನಾವಾ? ಮತ್ತೆ ಬಂದ್ಯಾ? ಏನಂದ ಈ ಸಲ?"

"ಏನೂ ಅನ್ಲಿಲ್ಲ. ಅದಕ್ಕೇ ಬಂದೆ."

"ಅನ್ನದಿದ್ರೂ ಬರ್ತೀಯಾ, ಅಂದ್ರೂ ಬರ್ತೀಯಾ. ಆ ಹುಡ್ಗ ಏನ್ ಮಾಡ್ಬೇಕೇ?"

ಎಲ್ಲರ ಹತ್ತಿರವೂ ನನಗೊಂದು ಔಷಧಿ ಇತ್ತು. ಅತ್ತೆ ನಾಯಕನಹಟ್ಟಿಯ ದೇವರಿಗೆ ಹರಕೆ ಹೊತ್ತು ಸೋಮವಾರ ಸೋಮವಾರ ಕರೆದುಕೊಂಡು ಹೋದರು. ಅವ್ವ ಆಂಧ್ರ ಗಡಿಯಾಚೆಯ ಒಬ್ಬರ ಹತ್ತಿರ ತಾಯಿತ ಕಟ್ಟಿಸಿದಳು. ಪಕ್ಕದ ಮನೆಯಾಕೆ ಥೈರಾಯ್ಡ್ ಇರಬೇಕು ಎಂದಳು, ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ನನಗಿಂತ ಚೆನ್ನಾಗಿತ್ತು. ಒಂದು ಮಗುವಾದರೆ ಸರಿಹೋಗುತ್ತದೆ ಎಂದವರಂತೂ ಲೆಕ್ಕವಿಲ್ಲ. ಆ ಹುಟ್ಟದ ಮಗುವಿನ ತಲೆ ಮೇಲೆ ಎಲ್ಲರೂ ಸೇರಿ ಎಷ್ಟು ಭಾರ ಹೊರಿಸಿದ್ದರೆಂದರೆ, ಅದು ಹುಟ್ಟದೇ ಇದ್ದದ್ದು ಒಳ್ಳೆಯದೇ ಆಯಿತು ಎನ್ನಿಸುತ್ತಿತ್ತು. ಯೋಗ ಮಾಡು, ಧ್ಯಾನ ಮಾಡು, ಖಾರ ಕಡಿಮೆ ತಿನ್ನು, ಟಿವಿ ನೋಡಬೇಡ, ಟಿವಿ ನೋಡು. ಎಲ್ಲವನ್ನೂ ಮಾಡಿದೆ. ಖಾರ ಬಿಟ್ಟು ಸಪ್ಪೆ ತಿಂದು ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಶಬಾನಾಳ ವಿಷಯ ನಡೆಯಿತು.

ಶಬಾನಾ ಎಂದರೆ ನನಗೆ ಪ್ರಾಣ. ಬೆಳಿಗ್ಗೆ ಅವಳಿಗೊಂದು ಮೆಸೇಜು, ಅಂಗಡಿಗೆ ಹೋಗುವಾಗ ಅವಳಿಗಿಷ್ಟವಾದ ಮಂಡಕ್ಕಿ, ಸಂಜೆ ಮತ್ತೆ ಫೋನು. ಅವಳು ಬೇರೆ ಯಾರ ಜೊತೆಗಾದರೂ ನಕ್ಕು ಮಾತಾಡಿದರೆ ನನ್ನ ಮೆಷಿನ್ನಿನ ಸೂಜಿ ಮುರಿಯುತ್ತಿತ್ತು. ಒಂದು ದಿನ ಹೋದರೆ ಅಂಗಡಿಯಲ್ಲಿ ಅವಳ ಅಣ್ಣ ಕೂತಿದ್ದ. ಅವಳು ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಬಳ್ಳಾರಿಗೆ ಹೋಗಿದ್ದಾಳೆ ಎಂದ. ನನಗೆ ಹೇಳಿರಲಿಲ್ಲ. ಅವಳು ಬಂದ ದಿನ ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೇ ಅವಳಿಗೆ ಬಾಯಿಗೆ ಬಂದ ಹಾಗೆ ಅಂದೆ. ನೀನು ನನ್ನನ್ನು ಉಪಯೋಗಿಸಿಕೊಂಡೆ, ನಿನ್ನಂಥ ಮೋಸಗಾತಿ ಇಲ್ಲ ಎಂದೆ. ಅವಳು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿ, "ವೇಣಿ, ಮನೆಗೆ ಹೋಗು" ಎಂದಳು. ಅಷ್ಟೇ ಹೇಳಿದ್ದು.

ಮನೆಗೆ ಬಂದೆ. ಅತ್ತೆ ಊರಲ್ಲಿರಲಿಲ್ಲ. ಶಬಾನಾಗೆ ಸಾರಿ ಎಂದು ಮೇಲಿಂದ ಮೇಲೆ ವಾಯ್ಸ್ ಮೆಸೇಜು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳು ನನ್ನನ್ನು ಬ್ಲಾಕ್ ಮಾಡಿದಳು. ತಿಪ್ಪೇಶ್ ಫೋನ್ ಎತ್ತಲಿಲ್ಲ. ಆ ಮಧ್ಯಾಹ್ನ ನಾನು ನನಗೇ ಏನು ಮಾಡಿಕೊಂಡೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ, ಅದನ್ನು ಓದಿ ಯಾರಿಗೂ ಏನೂ ಸಿಗುವುದಿಲ್ಲ. ಸಾಯಬೇಕು ಅಂತಲೂ ಇರಲಿಲ್ಲ, ಆ ಗಳಿಗೆ ನಿಲ್ಲಬೇಕಿತ್ತು ಅಷ್ಟೇ. ಮಾಡಿಕೊಂಡ ಮೇಲೆ ಹೆದರಿಕೆಯಾಗಿ ಮತ್ತೆ ತಿಪ್ಪೇಶ್‌ಗೆ ಫೋನ್ ಮಾಡಿದೆ. ಈ ಸಲ ಎತ್ತಿದರು. ಹೇಳಿದೆ. ಯಾರದೋ ಆಟೋ ತಂದು ಆಸ್ಪತ್ರೆಗೆ ಸೇರಿಸಿದರು.

ಅಲ್ಲಿ ನನ್ನ ಕೈಗೆ ಸೂಜಿ ಚುಚ್ಚುತ್ತಿದ್ದ ನರ್ಸು ಇನ್ನೊಬ್ಬಾಕೆಗೆ ಹೇಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಸಾಯೋರು ಹಿಂಗೆ ಫೋನ್ ಮಾಡಿ ಹೇಳ್ತಾರೇನೇ? ಇವೆಲ್ಲ ಗಂಡನ್ನ ಹೆದರ್ಸೋ ಆಟ."

ಫೋನ್ ಮಾಡಿದ್ದಕ್ಕೇ ಬದುಕಿದವಳು ನಾನು. ಅದನ್ನೇ ತಪ್ಪು ಎನ್ನುವುದಾದರೆ ಮಾಡಬೇಕಾದದ್ದಾದರೂ ಏನು? ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ಗಳಿಗೆ ಬಂದರೆ, ಯಾರು ಏನಾದರೂ ಅಂದುಕೊಳ್ಳಲಿ, ಫೋನ್ ಮಾಡಿ. ಒಬ್ಬರು ಎತ್ತದಿದ್ದರೆ ಇನ್ನೊಬ್ಬರಿಗೆ ಮಾಡಿ. ಆಟ ಅಂದವರ ಬಾಯಿಗೆ ಹೆದರಿ ಸುಮ್ಮನಿರಬೇಡಿ.

ಅಲ್ಲಿನ ಡ್ಯೂಟಿ ಡಾಕ್ಟರು ಮನೋವೈದ್ಯರಿಗೆ ತೋರಿಸಿ ಎಂದು ಚೀಟಿ ಬರೆದರು. ಹಾಗೆ ನಾವು ದುರ್ಗದ ಆ ಕ್ಲಿನಿಕ್ಕಿನ ಸಾಲಿನಲ್ಲಿ ಕೂತದ್ದು. ಅರ್ಧ ದಿನ ಕಾದೆವು. ಒಳಗೆ ಹೋದರೆ ಡಾಕ್ಟರು ತಲೆ ಎತ್ತದೆ, "ನಿದ್ದೆ ಬರುತ್ತಾ? ಊಟ ಸೇರುತ್ತಾ?" ಎಂದು ಕೇಳಿದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾತ್ರೆ ಬರೆದು ಮುಗಿಸಿದ್ದರು. ಖಿನ್ನತೆ ಎಂದರು. ಮಾತ್ರೆ ನುಂಗಿ ಮನೆಯ ಹಳೇ ಮೆಷಿನ್ ಮುಂದೆ ಕೂತರೆ ಹೊಲಿಗೆಯ ಮೇಲೆಯೇ ತಲೆ ಬೀಳುತ್ತಿತ್ತು. ಮುಂದಿನ ಸಲ ಹೋದಾಗ, ಮನಸ್ಸು ಒಂದು ತಾಸಿಗೊಂದು ಥರ ಆಗುತ್ತದೆ ಎಂದೆ. ಹಾಗಾದರೆ ಬೈಪೋಲಾರ್ ಎಂದು ಬೇರೆ ಮಾತ್ರೆ ಬರೆದರು. ಮೈ ಊದಿಕೊಂಡಿತು, ನಾನು ಹೊಲಿದ ಬ್ಲೌಸು ನನಗೇ ಹಿಡಿಯಲಿಲ್ಲ. ಸಿಟ್ಟು ಮಾತ್ರ ಇದ್ದ ಹಾಗೇ ಇತ್ತು, ನಿದ್ದೆಗಣ್ಣಿನ ಸಿಟ್ಟು.

ಇನ್ನು ಯಾವ ಡಾಕ್ಟರೂ ಬೇಡ ಎಂದೆ. ದಾವಣಗೆರೆಗೆ ಹೋಗೋಣ ಎಂದು ಹಟ ಹಿಡಿದವರು ತಿಪ್ಪೇಶ್. ಅವರ ಗಿರಾಕಿಯೊಬ್ಬರು ಅಲ್ಲಿನ ಒಬ್ಬ ಲೇಡಿ ಡಾಕ್ಟರ ಬಗ್ಗೆ ಹೇಳಿದ್ದರಂತೆ. "ಇದೇ ಕಡೇ ಸಲ ವೇಣಿ. ಆಗ್ಲಿಲ್ಲಾಂದ್ರೆ ನಾನೂ ಕೇಳಲ್ಲ" ಎಂದರು.

ಆ ಡಾಕ್ಟರು ಚಿಕ್ಕ ವಯಸ್ಸಿನವರು. ಕೇಳಿದರು, ಕೇಳಿದರು, ಕೇಳುತ್ತಲೇ ಇದ್ದರು. ಮುಖ್ಯವಾಗಿ, ನಾನು ಹೇಳುವಾಗ ಬರೆಯುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ತಳಕಿನಲ್ಲಿ ಇಳಿಯುವುದನ್ನು ಹೇಳಿದಾಗ ಮಾತ್ರ, "ಇಳಿದಾಗ ಒಳಗೆ ಏನಾಗ್ತಿತ್ತು?" ಎಂದು ಎರಡು ಸಲ ಕೇಳಿದರು. ಆಮೇಲೆ ಪಕ್ಕದ ಕೋಣೆಯಿಂದ ಸೌಮ್ಯ ಎಂಬ ಮನಶ್ಶಾಸ್ತ್ರಜ್ಞೆಯನ್ನು ಕರೆಸಿದರು. ಅವರೂ ಕೇಳಿದರು. ಇಬ್ಬರೂ ಮಾತಾಡಿಕೊಂಡು ಬಂದು ಡಾಕ್ಟರು ಹೇಳಿದರು. "ಇದಕ್ಕೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂತಾರೆ. ವ್ಯಕ್ತಿತ್ವದ ಒಂದು ತೊಂದರೆ."

ಬೇರೆಯವರು ಬರೆದದ್ದರಲ್ಲಿ ಓದಿದ್ದೇನೆ, ಕಾಯಿಲೆಗೆ ಹೆಸರು ಸಿಕ್ಕಾಗ ಹಗುರವಾಯಿತು ಎಂದು. ನನಗೆ ಮೈಯೆಲ್ಲ ಉರಿಯಿತು.

"ವ್ಯಕ್ತಿತ್ವ ಅಂದ್ರೆ ನಾನೇ ಅಲ್ವಾ ಮೇಡಂ? ನಾನೇ ಕಾಯಿಲೆ ಅಂತೀರಾ? ಕಾಲು ಮುರಿದ್ರೆ ಕಾಲಿಗೆ ಆಗಿದೆ ಅಂತೀರಿ. ಇಲ್ಲಿ ಪೂರ್ತಿ ನಂಗೇ ಆಗಿದೆ ಅಂತಿದೀರಲ್ಲ?"

ಡಾಕ್ಟರು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ಹೆಸರು ನಂಗೂ ಇಷ್ಟ ಇಲ್ಲ" ಎಂದರು. "ನೀವು ಕೆಟ್ಟೋರು ಅಂತ ಅರ್ಥ ಅಲ್ಲ. ನಿಮಗೆ ಎಲ್ಲಾನೂ ಬೇರೆಯವರಿಗಿಂತ ಜೋರಾಗಿ ತಾಗುತ್ತೆ, ಬೇಗ ಇಳಿಯಲ್ಲ. ಬಿಟ್ಟು ಹೋಗ್ತಾರೆ ಅನ್ನೋ ಹೆದರಿಕೆ ಬಂದಾಗ ಅದನ್ನ ತಡೆಯೋಕೆ ಏನೇನೋ ಮಾಡ್ತೀರಿ, ಅದರಿಂದಾನೇ ಜನ ದೂರ ಹೋಗ್ತಾರೆ. ಇದನ್ನ ಕಲಿತು ಬದಲಾಯಿಸಬಹುದು. ಬಹಳ ಜನ ಬದಲಾಗಿದಾರೆ."

"ಮಾತ್ರೆ ಕೊಡಿ, ನುಂಗ್ತೀನಿ."

"ಇದಕ್ಕೇ ಅಂತ ಮಾತ್ರೆ ಇಲ್ಲ. ಮಾತಾಡಬೇಕು. ವರ್ಷಗಟ್ಟಲೆ ಬೇಕಾಗಬಹುದು."

ಜನ್ಮವೆಲ್ಲ ಮಾತಿನಿಂದ ಕೆಟ್ಟವಳಿಗೆ ಮಾತೇ ಔಷಧಿಯಂತೆ. ಎದ್ದು ಹೊರಡೋಣ ಎಂದುಕೊಳ್ಳುವಷ್ಟರಲ್ಲಿ, ಅಲ್ಲಿಯವರೆಗೂ ಒಂದು ಮಾತೂ ಆಡದೆ ಕೂತಿದ್ದ ತಿಪ್ಪೇಶ್ ಕೇಳಿದರು. "ಮೇಡಂ, ನಾನೇನ್ ಮಾಡ್ಬೇಕು?"

"ಜಗಳ ಆದಾಗ ಏನ್ ಮಾಡ್ತೀರಿ?"

"ಸುಮ್ನಿರ್ತೀನಿ. ಮಾತಾಡಿದ್ರೆ ಜಾಸ್ತಿ ಆಗ್ತೈತೆ ಅಂತ."

"ಸುಮ್ನಿದ್ರೆ ನೀವು ಎದ್ದು ಹೋದ ಹಾಗೇ ಅನ್ಸುತ್ತೆ ಇವರಿಗೆ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ಆದ್ರೆ ಯಾವಾಗ ಮಾತಾಡ್ತೀರಿ ಅಂತ ಹೇಳಿ. ಊಟ ಆದ್ಮೇಲೆ ಮಾತಾಡ್ತೀನಿ ಅಂದ್ರೆ, ಊಟ ಆದ್ಮೇಲೆ ಮಾತಾಡ್ಲೇಬೇಕು."

ತಿಪ್ಪೇಶ್ ತಲೆಯಾಡಿಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅದನ್ನೇ ಪಾಠದ ಹಾಗೆ ಬಾಯೊಳಗೆ ಹೇಳಿಕೊಳ್ಳುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು.

ಮನೆಯವರಿಗೆ ಹೇಳುವುದು ಇನ್ನೊಂದು ಪಾಡು. ಅವ್ವನಿಗೆ ಫೋನಿನಲ್ಲಿ ಬಾರ್ಡರ್‌ಲೈನ್ ಎಂದೆ. "ಬಾರ್ಡರಾ? ಸೀರೆ ಬಾರ್ಡರಾ?" ಎಂದಳು. ಸೀರೆಯದಲ್ಲ ಎಂದೆ. "ಮತ್ತೆ ಆಂಧ್ರ ಬಾರ್ಡರಾ? ಆ ಕಡೆಯಿಂದ ಏನಾದ್ರೂ ತಗುಲ್ಕೊಂಡಿರ್ಬೇಕು, ನಾನು ಆವತ್ತೇ ಅಂದೆ, ಆ ತಾಯಿತ ಬಿಚ್ಚಬೇಡ ಅಂತ." ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಫೋನಿನ ಚಾರ್ಜೇ ಮುಗಿಯಿತು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಸೊಪ್ಪು ಬಿಡಿಸುತ್ತಲೇ ಕೇಳಿದರು. "ಅಂಗಾರೆ ಇದು ಕಾಯಿಲೆನಾ? ಸೊಕ್ಕಲ್ವಾ?"

"ಕಾಯಿಲೆ ಅತ್ತೆ."

"ಹೆಸ್ರು ಇಟ್ಟು ಕಳ್ಸಿದಾರೆ, ಬಿಡು. ಇನ್ನು ಒಂದು ಮಾತು ಅನ್ನಂಗಿಲ್ಲ ನಿನ್ನ." ಸೊಪ್ಪಿನ ಕಡ್ಡಿಗಳನ್ನೆಲ್ಲ ಒಂದು ಕಡೆ ಸರಿಸಿದರು. ಆಮೇಲೆ, "ವಾಸಿ ಆಗ್ತೈತಂತಾ?" ಎಂದರು. ಆ ಮನೆಗೆ ಬಂದಾಗಿನಿಂದ ಅವರು ನನ್ನ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಅದೊಂದೇ ನನಗೆ ಬೇಕಾದದ್ದು.

ತಿಂಗಳಿಗೊಮ್ಮೆ ದಾವಣಗೆರೆ, ವಾರಕ್ಕೊಮ್ಮೆ ಸೌಮ್ಯ ಮೇಡಂ ಜೊತೆ ವಿಡಿಯೋ ಕಾಲ್. ಕೇಳಲು ಎಷ್ಟು ಚೆನ್ನಾಗಿದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಸುಡುವ ಬಿಸಿಲಿನಲ್ಲಿ ತಲೆಗೆ ಟವೆಲ್ ಹಾಕಿಕೊಂಡು ಕೂತು ನನ್ನ ಬಾಲ್ಯದ ಬಗ್ಗೆ ಹೇಳುತ್ತಿದ್ದರೆ, ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಒಣಹಾಕುವ ನೆಪದಲ್ಲಿ ಒಬ್ಬರು ನಿಂತೇ ಇರುತ್ತಿದ್ದರು. ಎದೆಯಲ್ಲಿದ್ದದ್ದನ್ನು ಹೇಗೋ ಬಾಯಿಗೆ ತಂದಾಗ ಫೋನಿನಲ್ಲಿ ಮೇಡಂ ಮುಖ ಹಾಗೇ ನಿಂತುಬಿಡುತ್ತಿತ್ತು. "ಕೇಳಿಸ್ತಿದೆಯಾ ವೇಣಿ? ಮತ್ತೊಂದ್ಸಲ ಹೇಳ್ತೀರಾ?" ಅಂಥದ್ದನ್ನು ಮತ್ತೊಂದು ಸಲ ಹೇಳುವುದು ಹೇಗೆ?

ಅವರು ಕಲಿಸಿದ್ದು ಮೊದಲು ನನಗೆ ಮಕ್ಕಳಾಟವೆನ್ನಿಸಿತು. ಸಿಟ್ಟು ಏರಿದಾಗ ತಣ್ಣೀರಿನಲ್ಲಿ ಮುಖ ಅದ್ದು. ಫೋನ್ ಮಾಡುವ ಮೊದಲು ಒಂದು ಬ್ಲೌಸಿಗೆ ಹೆಮ್ಮಿಂಗ್ ಮಾಡಿ ಮುಗಿಸು. ಅವರು ನನ್ನನ್ನು ಬಿಟ್ಟರು ಎನ್ನಿಸಿದಾಗ, ಕಣ್ಣಿಗೆ ಕಂಡದ್ದು ಎಷ್ಟು, ನೀನು ಸೇರಿಸಿದ್ದು ಎಷ್ಟು ಎಂದು ಕೇಳಿಕೋ. ಕಂಡದ್ದು: ಫೋನ್ ಎತ್ತಲಿಲ್ಲ. ಉಳಿದದ್ದೆಲ್ಲ ನಾನು ಹೊಲಿದದ್ದು. ಹೊಲಿಗೆಯವಳಿಗೆ ಇದು ಅರ್ಥವಾಗಬೇಕಿತ್ತು, ಅರ್ಥವೂ ಆಯಿತು. ಆದರೆ ಅರ್ಥವಾಗುವುದಕ್ಕೂ ಆ ಗಳಿಗೆಯಲ್ಲಿ ಕೈ ನಿಲ್ಲುವುದಕ್ಕೂ ತಿಂಗಳುಗಳ ಅಂತರ. ಮುಖವನ್ನು ತಣ್ಣೀರಿನಲ್ಲಿ ಅದ್ದಿ ಎದ್ದು, ಒದ್ದೆ ಮುಖದಲ್ಲೇ ಹೋಗಿ ಕೂಗಾಡಿದ ದಿನಗಳು ಬೇಕಾದಷ್ಟಿವೆ.

ಬಾಲ್ಯದ್ದು ಕೇಳಿದಾಗ ಒಂದು ವಿಷಯ ಹೊರಗೆ ಬಂತು. ಅವ್ವ ಕೆಲಸಕ್ಕೆ ಹೋಗುವಾಗ ನಾನು ಅಳುತ್ತೇನೆಂದು ನನಗೆ ಹೇಳದೆ, ನಾನು ಆಡುತ್ತಿರುವಾಗ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದಳು. ಆಡಿ ತಿರುಗಿ ನೋಡಿದರೆ ಅವ್ವ ಇರುತ್ತಿರಲಿಲ್ಲ. ಎಷ್ಟು ತಾಯಂದಿರು ಹೀಗೆ ಮಾಡುವುದಿಲ್ಲ? ಅಪ್ಪ ಹೋದದ್ದೂ ಹಾಗೆಯೇ, ಹೇಳದೆ. ಇದೇ ಕಾರಣ ಎಂದು ಮೇಡಂ ಹೇಳಲಿಲ್ಲ. ಹುಟ್ಟಿನಿಂದ ಬಂದ ಸ್ವಭಾವವೂ ಸೇರಿರುತ್ತದೆ, ಯಾರ ತಲೆಗೂ ಕಟ್ಟಬೇಡಿ ಎಂದರು.

ಇನ್ನೇನು ಸುಧಾರಿಸುತ್ತಿದ್ದೇನೆ ಎನ್ನುವಾಗ ಒಂದು ದಿನ ಮೇಡಂ, "ವೇಣಿ, ನಿಮಗೆ ಮುಂಚೆನೇ ಹೇಳ್ಬೇಕು. ಎರಡು ತಿಂಗಳಾದ ಮೇಲೆ ನಾನು ಹೆರಿಗೆ ರಜೆಗೆ ಹೋಗ್ತೀನಿ. ಆಮೇಲೆ ಬರ್ತೀನಿ. ಅಷ್ಟರ ತನಕ ಇನ್ನೊಬ್ಬರು ಇರ್ತಾರೆ" ಎಂದರು.

ಸಂತೋಷ ಮೇಡಂ ಎಂದೆ. ಕಾಲ್ ಕಟ್ ಮಾಡಿದೆ. ಮುಂದಿನ ವಾರ ಅವರ ಕಾಲ್ ಎತ್ತಲಿಲ್ಲ. ಅದರ ಮುಂದಿನ ವಾರವೂ ಎತ್ತಲಿಲ್ಲ. ಅವರು ಬಿಡುವ ಮೊದಲು ನಾನೇ ಬಿಟ್ಟೆ ಎನ್ನುವ ಸಮಾಧಾನ. ಮನೆಯಲ್ಲಿ ತಿಪ್ಪೇಶ್ ಏನು ಹೇಳಿದರೂ ಕಚ್ಚುವ ಹಾಗೆ ಮಾತಾಡಿ, ಕೊನೆಗೆ ಬ್ಯಾಗು ತೆಗೆದುಕೊಂಡು ಹೊರಟೆ. ಬಾಗಿಲಲ್ಲಿ ಅವರು, "ನಾನು ಈಗ ತಡಿಯಲ್ಲ ವೇಣಿ. ಸಂಜೆ ಅಂಗಡಿ ಮುಚ್ಚಿ ಫೋನ್ ಮಾಡ್ತೀನಿ" ಎಂದರು. ಪಾಠ ಒಪ್ಪಿಸಿದ ಹಾಗೆಯೇ ಹೇಳಿದರು. ಆ ಮಾತಿಗೋ ಏನೋ, ತಳಕು ಬಂದರೂ ಏಳಲಿಲ್ಲ. ಹೊಟ್ಟೆ ಜಾರಿತು, ಜಾರಲಿ ಎಂದು ಕಂಬಿ ಹಿಡಿದು ಕೂತೆ. ಮೊಳಕಾಲ್ಮುರು ತಲುಪಿದೆ.

ಅವ್ವನಿಗೆ ಎಲ್ಲ ಹೇಳಿದೆ, ಆ ಮೇಡಂ ಕೂಡ ನನ್ನ ಬಿಟ್ಟು ಹೋಗ್ತಾಳೆ ಎಂದೆ. ಅವ್ವ ರಾಟೆ ನಿಲ್ಲಿಸಿದಳು.

"ಯಾಕ್ ಹೋಗ್ತಾಳೆ?"

"ಹೆರಿಗೆಗೆ."

"ಹೆರಿಗೆಗೆ ಹೋಗೋದನ್ನ ಬಿಟ್ಟು ಹೋಗೋದು ಅಂತಾರೇನೇ?" ಅವ್ವನಿಗೆ ನಿಜವಾಗಿಯೂ ರೋಸಿಹೋಗಿತ್ತು. "ನಿನ್ನ ಹೆರೋಕೆ ನಾನೂ ಕೆಲಸ ಬಿಟ್ಟಿದ್ದೆ. ಮಗ್ಗದ ಯಜಮಾನ ಬೈದ. ಬೈಲಿ ಅಂತ ಹೋದೆ. ಮತ್ತೆ ಬಂದು ಅದೇ ರಾಟೆ ಹಿಡಿದೆ. ಹೋದೋರೆಲ್ಲ ನಿಮ್ಮಪ್ಪ ಅಲ್ಲ."

ಅವಳು ಎಳೆ ತುಂಡಾದ ಕಡೆ ಹುಡುಕಿ ಗಂಟು ಹಾಕುತ್ತ ಹೇಳಿದಳು. "ಆ ಮೇಡಂ ಮುಂಚೆನೇ ಹೇಳಿ ಹೋಗ್ತಿದಾಳೆ. ನಾನು ಹೇಳ್ದೆ ಹೋಗ್ತಿದ್ದೆ. ನಂಗೆ ನಿನ್ನ ಅಳು ನೋಡೋಕಾಗ್ತಿರ್ಲಿಲ್ಲ, ಅದಕ್ಕೆ. ಆಗ ನಂಗ್ಯಾರು ಹೇಳಿಕೊಟ್ಟಿದ್ರು?"

ಆ ವಿಷಯವನ್ನು ನಾನು ಅವಳ ಮುಂದೆ ಯಾವತ್ತೂ ಎತ್ತಿರಲಿಲ್ಲ. ಅವಳಿಗೂ ಅದು ನೆನಪಿತ್ತು. ಸಂಜೆ ತಿಪ್ಪೇಶ್ ಫೋನ್ ಮಾಡಿದರು, ಹೇಳಿದ ಹೊತ್ತಿಗೇ. ಮಾರನೆಯ ದಿನ ಚಳ್ಳಕೆರೆಗೆ ಬಂದು ಮಾಳಿಗೆ ಹತ್ತಿ ಮೇಡಂಗೆ ಕಾಲ್ ಮಾಡಿದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. "ಕಾಲ್ ಎತ್ತದಿದ್ದಾಗ ಏನ್ ಅನ್ಸಿತು, ಅಲ್ಲಿಂದ ಶುರು ಮಾಡೋಣ" ಎಂದರು. ಅವರ ರಜೆಯಲ್ಲಿ ಇದ್ದ ಇನ್ನೊಬ್ಬರು ಮಾತಿಗೊಮ್ಮೆ "ಓಕೆ, ಓಕೆ" ಎನ್ನುತ್ತಿದ್ದರು. ಅವರ ಓಕೆಗಳನ್ನು ಸಹಿಸಿಕೊಂಡದ್ದೇ ನನ್ನ ದೊಡ್ಡ ಸಾಧನೆ. ಮೇಡಂ ಹೇಳಿದ ಹಾಗೆ ತಿರುಗಿ ಬಂದರು.

ಶಬಾನಾಳ ಅಂಗಡಿಗೆ ನಾನಾಗಿಯೇ ಹೋದೆ. ಕಣ್ಣಲ್ಲಿ ಆಗಲೇ ನೀರು ತುಂಬಿಕೊಂಡಿದ್ದೆ. ಅವಳು ಕೈ ಅಡ್ಡ ಹಿಡಿದಳು.

"ಅಳಬೇಡ ವೇಣಿ. ನಿನ್ನ ಮಾಫಿ ನಂಗೆ ಬೇಡ. ನೀನು ಸಾರಿ ಅಂತೀಯಾ, ಅಳ್ತೀಯಾ, ಆಮೇಲೆ ನಿನ್ನ ಸಮಾಧಾನ ಮಾಡೋಳೂ ನಾನೇ. ನಂಗೆ ಸುಸ್ತಾಗೈತೆ."

"ಮತ್ತೇನ್ ಮಾಡ್ಲಿ?"

"ಬ್ಲೌಸ್ ಹೊಲಿ. ಸುಮ್ನೆ ಬಂದು ಬ್ಲೌಸ್ ಹೊಲಿ. ದಿನಾ ಪ್ರಾಣ ಕೊಡೋದು ಬೇಡ, ದಿನಾ ಪ್ರಾಣ ತೆಗೆಯೋದೂ ಬೇಡ. ಜರಾ ಸಬರ್ ಇರ್ಲಿ, ಸ್ವಲ್ಪ ತಾಳ್ಮೆ."

ಹೊಲಿಯತೊಡಗಿದೆ. ಮೊದಲಿನ ಹಾಗೆ ಅವಳು ನನಗೆ ಎಲ್ಲವನ್ನೂ ಹೇಳುವುದಿಲ್ಲ. ಅದು ನೋಯುತ್ತದೆ. ನೋಯುತ್ತದೆ, ನಾನು ಗುಂಡಿಗೆ ಕಾಜ ಮಾಡುತ್ತೇನೆ, ಅವಳು ಟೀ ತರಿಸುತ್ತಾಳೆ. ಬ್ಲಾಕ್ ತೆಗೆದಿದ್ದಾಳೆ, ಬೆಳಿಗ್ಗೆಯ ಮೆಸೇಜು ಮಾತ್ರ ಬೇಡ ಎಂದಿದ್ದಾಳೆ.

ಈಗ ಹೇಗಿದ್ದೀಯಾ ಎಂದು ಕೇಳುತ್ತಾರೆ. ಹೊಟ್ಟೆ ಜಾರುವುದು ನಿಂತಿಲ್ಲ. ಜಾರಿದ ಮೇಲೆ ನಾನು ಏನು ಮಾಡುತ್ತೇನೆ ಎಂಬುದು ಬದಲಾಗಿದೆ, ದಿನಾ ಅಲ್ಲ, ಹೆಚ್ಚಿನ ದಿನ. ಹೊಸ ಪೀಕಲಾಟವೊಂದಿದೆ. ಕಾಯಿಲೆಗೆ ಹೆಸರು ಬಂದ ಮೇಲೆ ನನಗೆ ಸಿಟ್ಟು ಬರುವ ಹಾಗೇ ಇಲ್ಲ. ಅನ್ನ ಹಳಸಿದೆ ಎಂದು ಗೊಣಗಿದರೂ ಎಲ್ಲರೂ ನನ್ನ ಮುಖ ನೋಡುತ್ತಾರೆ. ಕೆಇಬಿಯವರು ಬೆಳಿಗ್ಗೆಯಿಂದ ಕರೆಂಟ್ ತೆಗೆದಿದ್ದಾರೆ ಎಂದು ಬೈದರೆ, ತಣ್ಣೀರಿನಲ್ಲಿ ಮುಖ ಅದ್ದಿದೆಯಾ ಎಂದು ತಿಪ್ಪೇಶ್ ಕೇಳುತ್ತಾರೆ. ಊರಿಗೆಲ್ಲ ಸಿಟ್ಟು ಮಾಡಲು ಅನುಮತಿ ಇದೆ, ನನಗೊಬ್ಬಳಿಗೆ ಡಾಕ್ಟರ ಚೀಟಿ ಬೇಕು.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಮದುವೆ ಬ್ಲೌಸೊಂದನ್ನು ಕತ್ತರಿಸೋಣವೆಂದು ರೇಷ್ಮೆ ಬಟ್ಟೆ ಹಾಸಿ ಕತ್ತರಿ ಇಟ್ಟರೆ, ಅದು ಬಟ್ಟೆಯನ್ನು ಕತ್ತರಿಸದೆ ಜಗಿಯಿತು. ಕತ್ತರಿಯ ಬಾಯಿ ನೋಡಿದೆ. ಅಲ್ಲಲ್ಲಿ ಕಚ್ಚು ಬಿದ್ದಿತ್ತು. ನನ್ನ ಬಟ್ಟೆಯ ಕತ್ತರಿಯಲ್ಲಿ ತಿಪ್ಪೇಶ್ ತಾಮ್ರದ ತಂತಿ ಕತ್ತರಿಸಿದ್ದರು.

ಹೊಲಿಗೆ ಕೆಲಸದವರ ಮನೆಯಲ್ಲಿ ಇದೆಂಥ ಅಪರಾಧವೆಂದು ಗೊತ್ತಿದ್ದವರಿಗೆ ಗೊತ್ತು. ಕೂಗಿದೆ. ಹೊಟ್ಟೆ ಜಾರಿದೆಯಾ ಎಂದು ನೋಡಿಕೊಂಡೆ, ಜಾರಿರಲಿಲ್ಲ. ಇವರು ನನ್ನನ್ನು ಬಿಟ್ಟು ಹೋಗುತ್ತಾರೆ ಎಂದೂ ಅನ್ನಿಸಿರಲಿಲ್ಲ. ಕತ್ತರಿ ಹಾಳಾಗಿತ್ತು, ಸಿಟ್ಟು ಬಂದಿತ್ತು, ಕೂಗುತ್ತಿದ್ದೆ.

"ವೇಣಿ, ಈಗ ಬೇಡ" ಎಂದರು ತಿಪ್ಪೇಶ್, ಕೈ ಎತ್ತಿ. "ಊಟ ಆದ್ಮೇಲೆ ಮಾತಾಡೋಣ. ಬೇಕಾದ್ರೆ ಮೇಡಂಗೆ ಒಂದು ಕಾಲ್ ಮಾಡು."

"ಮೇಡಂ ಬಂದು ಕತ್ತರಿ ಸಾಣೆ ಹಿಡೀತಾರೇನ್ರಿ?"

"ಹಂಗಲ್ಲ. ನಿಂಗೆ ಈಗ ಜಾಸ್ತಿ ಆಗ್ತೈತೆ ಅಂತ..."

ಅತ್ತೆ ಅಡುಗೆಮನೆಯಿಂದ ಬಂದರು. ಕೈ ಒರೆಸಿಕೊಂಡು, ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕಚ್ಚು ಬಿದ್ದ ಕಡೆ ಉಗುರಿನಿಂದ ಸವರಿದರು. ಆಮೇಲೆ ಮಗನ ಕಡೆ ತಿರುಗಿದರು.

"ಲೇ ತಿಪ್ಪೇಶಿ, ಇವತ್ತು ಅವಳಿಗೇನೂ ಆಗಿಲ್ಲ. ಕತ್ತರಿಗಾಗೈತೆ. ಹೋಗು, ಸಾಣೆ ಹಿಡಿಸ್ಕಂಡು ಬಾ."